ಎರಡು ಬೋರ್ಡ್, ಒಂದು ಆಯ್ಕೆ: ಯಾವ ಕಂಪನಿಯ ಷೇರು ಕೊಳ್ಳಬೇಕು?

ಲಾಭ, ಸಾಲ, ಬೆಲೆ ಎಲ್ಲ ಹೆಚ್ಚೂಕಮ್ಮಿ ಒಂದೇ ಇರುವ ಎರಡು ಸಣ್ಣ ಕಂಪನಿಗಳು ನಿಮ್ಮ ಮುಂದಿವೆ ಎಂದುಕೊಳ್ಳಿ. ಮೊದಲನೆಯದರ ಬೋರ್ಡಿನಲ್ಲಿ, ಅಂದರೆ ನಿರ್ದೇಶಕರ ಮಂಡಳಿಯಲ್ಲಿ, ಒಬ್ಬರೇ ಮಹಿಳೆ, ಅವರು ಪ್ರಮೋಟರ್ (ಕಂಪನಿಯ ಹಿಡಿತ ಇರುವ ಒಡೆಯ) ಹೆಂಡತಿ. ಎರಡನೆಯದರಲ್ಲಿ ಮೂವರು, ಅವರಲ್ಲಿ ಇಬ್ಬರು ಸ್ವತಂತ್ರ ನಿರ್ದೇಶಕಿಯರು, ಅಂದರೆ ಪ್ರಮೋಟರ್ ಜೊತೆ ನಂಟಿಲ್ಲದ ಹೊರಗಿನವರು.

ಕಾನೂನಿನ ಪ್ರಕಾರ ಮೊದಲ ಕಂಪನಿಯದೂ ತಪ್ಪಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಗೆ ಒಬ್ಬ ನಿರ್ದೇಶಕಿ ಇದ್ದರೆ ಸಾಕು. ಅವರು ಮನೆಯವರೂ ಆಗಿರಬಹುದು. ಸ್ವತಂತ್ರ ನಿರ್ದೇಶಕಿಯೇ ಬೇಕು ಎಂದು ಷೇರುಪೇಟೆ ನಿಯಂತ್ರಕ ಸೆಬಿ 2020ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದ್ದು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ ಮಾತ್ರ.

ಹಾಗಾದರೆ ಮಹಿಳೆಯರು ಜಾಸ್ತಿ ಇದ್ದರೆ ಲಾಭವೂ ಜಾಸ್ತಿಯೇ? ಅಷ್ಟು ಸುಲಭವಾಗಿ ಹೇಳಲಾಗದು. ನಾರ್ವೆ ತನ್ನ ಜನರಿಗೆ ಷೇರು ಮಾರಬಹುದಾದ ದೊಡ್ಡ ಕಂಪನಿಗಳ ಬೋರ್ಡಿನಲ್ಲಿ 40% ಮಹಿಳೆಯರಿರಬೇಕು ಎಂದಿತು. ಅದರಿಂದ ಕಂಪನಿಗಳ ಮೌಲ್ಯ ಇಳಿಯಿತು ಎಂದು 2012ರ ಒಂದು ಅಧ್ಯಯನ ಹೇಳಿತು. ಆಮೇಲಿನ ಸಂಶೋಧಕರು ಅದೇ ವಿಷಯ ಮತ್ತೆ ನೋಡಿ, ಅಂಥ ಪರಿಣಾಮ ಕಾಣುವುದಿಲ್ಲ ಎಂದರು. ಚೆನ್ನಾಗಿ ನಡೆಯುವ ಕಂಪನಿಗಳೇ ಮೊದಲು ಮಹಿಳೆಯರನ್ನು ಕರೆಯುತ್ತವೆ ಎಂಬ ಸಾಧ್ಯತೆಯೂ ಇದೆ ಅಲ್ವಾ?

ಆದರೂ ನನ್ನ ಹಣ ಎರಡನೆಯದಕ್ಕೇ. ಪ್ರಮೋಟರ್‌ಗೆ 'ಈ ಸಾಲ ಯಾಕೆ ಬೇಕು?' ಎಂದು ಕೇಳುವ ಧೈರ್ಯ ಹೊರಗಿನವರಿಗೆ ಹೆಚ್ಚು. ಅಲ್ಲದೆ, ಅರ್ಹ ಹೆಣ್ಣುಮಕ್ಕಳನ್ನು ಹುಡುಕಿ ಕರೆತರುವ ಕಂಪನಿ ನನಗೆ ಇಷ್ಟ. ಆದರೆ ಸುಮ್ನೆ ತಲೆ ಎಣಿಸಬೇಡಿ. ವಾರ್ಷಿಕ ವರದಿಯಲ್ಲಿ ಕಾರ್ಪೊರೇಟ್ ಆಡಳಿತದ ಪುಟಗಳನ್ನು ತೆರೆಯಿರಿ. ಆ ನಿರ್ದೇಶಕಿಯರು ಎಷ್ಟು ಸಭೆಗೆ ಬಂದಿದ್ದಾರೆ? ಲೆಕ್ಕಪತ್ರದ ಮೇಲೆ ಕಣ್ಣಿಡುವ ಆಡಿಟ್ ಸಮಿತಿಯಲ್ಲಿದ್ದಾರಾ? ಇನ್ನೆಷ್ಟು ಕಂಪನಿಗಳಲ್ಲಿ ಕೂತಿದ್ದಾರೆ? ಇವೆಲ್ಲ ಅಲ್ಲೇ ಸಿಗುತ್ತವೆ.