ಮೆಟ್‌ನ ಅಮೆರಿಕನ್ ವಿಂಗ್ ಅಥವಾ ವಿಟ್ನಿ: ಅರ್ಧ ದಿನಕ್ಕೆ ಯಾವುದು?

ನ್ಯೂಯಾರ್ಕಿನಲ್ಲಿ ಅಮೆರಿಕದ ಕಲೆ ನೋಡಲು ಅರ್ಧ ದಿನವಷ್ಟೇ ಇದ್ದರೆ ಈ ಎರಡು ಮ್ಯೂಸಿಯಂಗಳಲ್ಲಿ ಒಂದನ್ನು ಬಿಡಲೇಬೇಕು.

ಹಳೆಯದು ಬೇಕಿದ್ದರೆ ಮೆಟ್ರೊಪಾಲಿಟನ್ ಮ್ಯೂಸಿಯಂನ (ಮೆಟ್) ಅಮೆರಿಕನ್ ವಿಂಗ್ ಎಂಬ ವಿಭಾಗ. 1924ರಲ್ಲಿ ತೆರೆದದ್ದು. ಜಾರ್ಜ್ ವಾಷಿಂಗ್ಟನ್ ಡೆಲಾವೇರ್ ನದಿ ದಾಟುವ 1851ರ ಚಿತ್ರ ಇಲ್ಲಿಯದು. ಅಗಲವೇ ಸುಮಾರು ಆರೂವರೆ ಮೀಟರ್. ಎಲ್ಲರೂ ಅದರ ಮುಂದೆ ನಿಲ್ಲುತ್ತಾರೆ, ನಿಲ್ಲಲಿ. ಆದರೆ ವಿನ್‌ಸ್ಲೋ ಹೋಮರನ 'ಗಲ್ಫ್ ಸ್ಟ್ರೀಮ್' (1899) ಮಾತ್ರ ತಪ್ಪಿಸಿಕೊಳ್ಳಬೇಡಿ. ಹಾಯಿಕಂಬ ಮುರಿದ ದೋಣಿ, ಅದರಲ್ಲಿ ಒಂಟಿ ಕಪ್ಪು ನಾವಿಕ, ಸುತ್ತ ಶಾರ್ಕ್‌ಗಳು, ದೂರದಲ್ಲೊಂದು ಹಡಗು. ಅವನು ಹಡಗಿನತ್ತ ನೋಡುತ್ತಲೂ ಇಲ್ಲ. ಗುಲಾಮಗಿರಿಯ ನೆರಳನ್ನು ಇಷ್ಟು ಗಟ್ಟಿಯಾಗಿ ಹಿಡಿದ ಚಿತ್ರ ಆ ಕಾಲದಲ್ಲಿ ಅಪರೂಪ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಮನೆಯೊಂದರ ಇಡೀ ಹಜಾರವೂ ಇಲ್ಲಿದೆ.

ವಿಟ್ನಿ ಮ್ಯೂಸಿಯಂನಲ್ಲಿರುವುದು ಇಪ್ಪತ್ತನೇ ಶತಮಾನದಿಂದ ಈಚಿನ ಕಲೆ. ಗರ್ಟ್ರೂಡ್ ವಿಟ್ನಿ 1929ರಲ್ಲಿ ತಮ್ಮ ಸಂಗ್ರಹವನ್ನು ಮೆಟ್‌ಗೇ ಕೊಡಲು ಹೋಗಿದ್ದರು. ಮೆಟ್‌ನವರು ಬೇಡವೆಂದರು, ಈಕೆ ತಾವೇ ಮ್ಯೂಸಿಯಂ ಕಟ್ಟಿದರು. ಎಡ್ವರ್ಡ್ ಹಾಪರನ ಕೃತಿಗಳ ಅತಿ ದೊಡ್ಡ ಸಂಗ್ರಹ ಇಲ್ಲಿದೆ, ಜಾಸ್ಪರ್ ಜಾನ್ಸ್‌ನ 'ಮೂರು ಬಾವುಟಗಳು' ಕೂಡ. ಪ್ರದರ್ಶನಗಳು ಬದಲಾಗುತ್ತಿರುತ್ತವೆ, ನಿರ್ದಿಷ್ಟ ಚಿತ್ರಕ್ಕಾಗಿಯೇ ಹೋಗುವವರು ಮೊದಲೇ ವಿಚಾರಿಸಿ. 2015ರ ಹೊಸ ಕಟ್ಟಡದ ತಾರಸಿಯಿಂದ ಹಡ್ಸನ್ ನದಿ ಕಾಣುತ್ತದೆ.

ಮೆಟ್‌ಗೆ ಬುಧವಾರ ರಜೆ, ವಿಟ್ನಿಗೆ ಮಂಗಳವಾರ. ಮೊದಲ ಸಲ ಬರುವವರಿಗೆ ನನ್ನ ಮತ ಮೆಟ್‌ಗೆ. ಮಕ್ಕಳಿದ್ದರೆ, ನಡೆದು ಸುಸ್ತಾಗುವ ಹಿರಿಯರಿದ್ದರೆ ವಿಟ್ನಿ: ಚಿಕ್ಕದು, ಉಸಿರಾಡಲು ಜಾಗವಿದೆ.