ಗಂಟೆಗೆ 25 ಕಿ.ಮೀ.ನ ಇ-ಸ್ಕೂಟರ್ 40 ದಾಟಬೇಕಾದರೆ: ವೈರ್, ಕಂಟ್ರೋಲರ್, ಟೈರ್, ಐದನೇ ಬ್ಯಾಟರಿ

ಹೋಲಿಕೆಗೆ ತೆಗೆದುಕೊಂಡದ್ದು ರಿಜಿಸ್ಟ್ರೇಷನ್ ಬೇಡದ ಸಣ್ಣ ಗಾಡಿ: ಚಕ್ರದೊಳಗೇ ಕೂರುವ 48 ವೋಲ್ಟ್ ಹಬ್ ಮೋಟಾರ್, ನಾಲ್ಕು ಲೆಡ್ ಆಸಿಡ್ ಬ್ಯಾಟರಿ, 10 ಇಂಚಿನ ಚಕ್ರ. ಸವಾರ ಒಬ್ಬನೇ, ರಸ್ತೆಯೂ ಒಂದೇ. ವೇಗ ನೋಡಿದ್ದು ಜಿಪಿಎಸ್‌ನಲ್ಲಿ. ಇಂಥ ಗಾಡಿಗಳ ಮೀಟರನ್ನು ನಂಬುವ ಹಾಗಿಲ್ಲ.

ಏನನ್ನೂ ಕೊಳ್ಳುವ ಮುಂಚೆ ಡಬಲ್ ಸ್ಟ್ಯಾಂಡ್ ಹಾಕಿ, ಪೂರ್ತಿ ಥ್ರಾಟಲ್ ಕೊಟ್ಟು ಚಕ್ರದ ಸುತ್ತು ಅಳೆಯಿರಿ. ಈ ಟೈರಿನ ಸುತ್ತಳತೆ ಸುಮಾರು 1.32 ಮೀಟರ್, ನಿಮಿಷಕ್ಕೆ 530 ಸುತ್ತು ಎಂದರೆ ಗಂಟೆಗೆ 42 ಕಿ.ಮೀ. ರಸ್ತೆಯಲ್ಲಿ ಅದರ ಶೇ. 80ಕ್ಕಿಂತ ಹೆಚ್ಚು ಬರುತ್ತಿದ್ದರೆ ಗಾಡಿಯನ್ನು ತಡೆದಿರುವುದು ವೋಲ್ಟೇಜ್, ಇಲ್ಲವೇ ಕಂಟ್ರೋಲರ್ ಹಾಕಿದ ವೇಗದ ಮಿತಿ (ಕಂಟ್ರೋಲರ್ ಎಂದರೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆ). ತೀರಾ ಕಡಿಮೆ ಬಂದರೆ ಕರೆಂಟ್ ಸಾಲುತ್ತಿಲ್ಲ, ಇಲ್ಲವೇ ಬ್ಯಾಟರಿ ಸೊರಗಿದೆ. ಹಳೇ ಬ್ಯಾಟರಿ ಇಟ್ಟುಕೊಂಡು ಕಂಟ್ರೋಲರ್ ಬದಲಿಸುವುದು ದುಡ್ಡು ದಂಡ.

ಅಗ್ಗದ ದಾರಿ ವೇಗವನ್ನು ಕಟ್ಟಿಹಾಕುವ ಲಿಮಿಟ್ ವೈರ್. ಹಲವು ಕಂಟ್ರೋಲರ್‌ಗಳಲ್ಲಿ ಒಂದು ಸಣ್ಣ ಲೂಪ್ ಕನೆಕ್ಟರ್ ಇರುತ್ತದೆ, ಹೆಚ್ಚಾಗಿ ಬಿಳಿ. ಬಣ್ಣ ನಂಬದೆ ಲೇಬಲ್ ನೋಡಿ. ಅದನ್ನು ಬಿಚ್ಚಿದ ಮೇಲೆ ಸ್ಟ್ಯಾಂಡ್ ಮೇಲೆ 42, ರಸ್ತೆಯಲ್ಲಿ 35. ಖರ್ಚು ಸೊನ್ನೆ. ಬ್ಯಾಟರಿಯಿಂದ ಎಳೆದದ್ದು ಮಾತ್ರ ಸುಮಾರು 720 ವಾಟ್, ಲೇಬಲ್ ಮೇಲೆ 250 ಎಂದು ಬರೆದಿದ್ದರೂ.

ದೊಡ್ಡ ಆಂಪ್ ಕಂಟ್ರೋಲರ್ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಕರೆಂಟ್ ಕೊಡುವುದು ಎಳೆತ, ವೇಗವಲ್ಲ. ಚಡಾವಿನಲ್ಲಿ ಗಾಡಿ ಜಿಗಿಯಿತು. ಸಮತಟ್ಟಿನಲ್ಲಿ ಒಂದು ಕಿ.ಮೀ. ಕೂಡ ಹೆಚ್ಚಾಗಲಿಲ್ಲ. ಕಂಟ್ರೋಲರ್ ಒಳಗೆ ಕರೆಂಟ್ ಅಳೆಯುವ ಶಂಟ್ ತಂತಿಯ ಮೇಲೆ ಬೆಸುಗೆ ಸುರಿದು ಆಂಪ್ ಏರಿಸುವ ಉಪಾಯ ಇದಕ್ಕಿಂತ ಕೆಟ್ಟದ್ದು: ಎಷ್ಟು ಏರಿತು ಎಂದೇ ತಿಳಿಯುವುದಿಲ್ಲ, ಆಕ್ಸಲ್ ಒಳಗೆ ಹಾಯ್ದು ಮೋಟಾರಿಗೆ ಕರೆಂಟ್ ಒಯ್ಯುವ ತೆಳು ಫೇಸ್ ವೈರ್‌ಗಳ ಇನ್ಸುಲೇಷನ್ ಕರಗಿ ಅವು ಒಂದಕ್ಕೊಂದು ತಾಗಬಹುದು.

ಟೈರ್ 3.00-10ರಿಂದ 90/100-10ಕ್ಕೆ ಬದಲಿಸಿದರೆ ಶೇ. 3–5ರಷ್ಟು ಲಾಭ, ಅದೂ ಮಡ್‌ಗಾರ್ಡ್‌ಗೆ ಉಜ್ಜದಿದ್ದರೆ.

ನಿಜವಾದ ವೇಗ ಸಿಗುವುದು ಐದನೇ ಬ್ಯಾಟರಿಯಿಂದ. 48 ಹೋಗಿ 60 ವೋಲ್ಟ್ ಆದರೆ ಸುತ್ತು ಶೇ. 25 ಏರುತ್ತದೆ, ರಸ್ತೆಯಲ್ಲಿ 43 ಬಂತು. ಆದರೆ ಬ್ಯಾಟರಿ ಒಂದನ್ನೇ ಸೇರಿಸಿ ಸುಮ್ಮನಾದರೆ ಕೆಟ್ಟಿತು. 48ರ ಕಂಟ್ರೋಲರ್‌ನ ಕೆಪಾಸಿಟರ್‌ಗಳು ಸಾಮಾನ್ಯವಾಗಿ 63 ವೋಲ್ಟಿನವು. ಐದು ಬ್ಯಾಟರಿ ಚಾರ್ಜರ್‌ನಲ್ಲಿದ್ದಾಗ 73 ಮುಟ್ಟುತ್ತವೆ. ಅದು ತಾಳಿಕೊಂಡರೂ ಇನ್ನೊಂದು ಪೆಟ್ಟು ಕಾದಿದೆ: ಹಳೇ ಕಂಟ್ರೋಲರ್ 42 ವೋಲ್ಟಿಗೆ ಕಟ್ ಮಾಡುತ್ತದೆ, ಅಂದರೆ ಒಂದೊಂದು ಬ್ಯಾಟರಿಯೂ 8.4ಕ್ಕೆ ಇಳಿಯುವವರೆಗೆ ಗಾಡಿ ಓಡುತ್ತಲೇ ಇರುತ್ತದೆ. 10.5ರ ಕೆಳಗೆ ಪದೇ ಪದೇ ಇಳಿದ ಲೆಡ್ ಆಸಿಡ್ ಬ್ಯಾಟರಿ ಬಹುಕಾಲ ಬಾಳದು. ಆದ್ದರಿಂದ 52.5ಕ್ಕೆ ಕಟ್ ಆಗುವ 60 ವೋಲ್ಟ್ ಕಂಟ್ರೋಲರ್, 60ರ ಚಾರ್ಜರ್, ಲೈಟು-ಹಾರ್ನ್‌ಗೆ 12 ವೋಲ್ಟ್ ಕೊಡುವ ಕನ್ವರ್ಟರ್ ಮೂರೂ ಬದಲಾಗಬೇಕು. ಐದೂ ಬ್ಯಾಟರಿ ಒಂದೇ ವಯಸ್ಸಿನವಾಗಿರಲಿ. ನಾಲ್ಕು ಹಳೆಯವುಗಳ ಜೊತೆ ಒಂದು ಹೊಸದು ಸೇರಿದರೆ ಹಳೆಯವು ಮೊದಲು ಬರಿದಾಗಿ ಪೆಟ್ಟು ತಿನ್ನುತ್ತವೆ.

ಮೋಟಾರಿಗೆ ನಯವಾದ ಅಲೆಯಂತೆ ಕರೆಂಟ್ ಕೊಡುವ ಸೈನ್ ವೇವ್ ಕಂಟ್ರೋಲರ್‌ಗಳಲ್ಲಿ ಹಲವಕ್ಕೆ ಫ್ಲಕ್ಸ್ ವೀಕನಿಂಗ್ ಸೆಟ್ಟಿಂಗ್ ಇರುತ್ತದೆ, ಅಂದರೆ ಹೆಚ್ಚುವರಿ ಕರೆಂಟ್ ಹರಿಸಿ ಮೋಟಾರಿನ ಕಾಂತದ ಪ್ರಭಾವವನ್ನು ತಗ್ಗಿಸುವುದು. ಬ್ಯಾಟರಿ ಮುಟ್ಟದೆ ವೇಗ ಏರುತ್ತದೆ, ಬೆಲೆ ತೆರುವುದು ಮೋಟಾರ್. ಆ ಕರೆಂಟ್ ಎಳೆತ ಕೊಡದೆ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. ತುದಿ ವೇಗದಲ್ಲಿ ಕಂಟ್ರೋಲರ್ ದಿಢೀರನೆ ಕೈಕೊಟ್ಟರೆ ಮೋಟಾರಿನ ವೋಲ್ಟೇಜ್ ಬ್ಯಾಟರಿಯದನ್ನು ಮೀರಿ ಕಂಟ್ರೋಲರ್ ಒಳಗಿನ ಸ್ವಿಚ್‌ಗಳಾದ ಮಾಸ್ಫೆಟ್‌ಗಳು ಸುಡಬಹುದು. ಓವರ್‌ಟೇಕ್‌ಗೆ ಎರಡು ನಿಮಿಷ ಬಳಸಲು ಸರಿ, ದಿನದ ಓಡಾಟಕ್ಕೆ ಬೇಡ.

ಕಿ.ಮೀ.ಗೆ ಖರ್ಚಾಗುವ ವಿದ್ಯುತ್ತು 35ರಲ್ಲಿ 21 ವಾಟ್-ಅವರ್ ಇದ್ದದ್ದು 43ರಲ್ಲಿ 28 ಆಗುತ್ತದೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುವುದೇ ಕಾರಣ. 25ರಿಂದ 43ಕ್ಕೆ ಹೋದ ಗಾಡಿಯನ್ನು ನಿಲ್ಲಿಸಲು ಡ್ರಮ್ ಬ್ರೇಕ್ ಮೂರು ಪಟ್ಟು ಶಕ್ತಿ ನುಂಗಬೇಕು, ಶೂ ಹೊಸದಿರಲಿ.

ಇನ್ನು ಕಾನೂನು. 250 ವಾಟ್‌ಗಿಂತ ಕಡಿಮೆ ಮೋಟಾರ್, 25 ಕಿ.ಮೀ.ಗಿಂತ ಕಡಿಮೆ ವೇಗ ಎಂಬ ಮಿತಿ ದಾಟಿದ ಕ್ಷಣವೇ ಅದು ಮೋಟಾರು ವಾಹನ. ಲೈಸೆನ್ಸ್, ನಂಬರ್ ಪ್ಲೇಟ್, ವಿಮೆ ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ, ಮಾರ್ಪಡಿಸಿದ ಗಾಡಿಗೆ ಅವನ್ನು ಮಾಡಿಸುವುದೂ ಸುಲಭವಲ್ಲ. ಖಾಸಗಿ ತೋಟ, ಫ್ಯಾಕ್ಟರಿ ಆವರಣದೊಳಗಾದರೆ 60 ವೋಲ್ಟ್ ಸೆಟ್‌ಗೇ ನಮ್ಮ ಮತ. ಪೇಟೆಗೆ ದಿನವೂ 40ರಲ್ಲಿ ಹೋಗಬೇಕಾದವರು ಇದಕ್ಕೆ ಹಾಕುವ ದುಡ್ಡನ್ನು ರಿಜಿಸ್ಟ್ರೇಷನ್ ಇರುವ ಗಾಡಿಯ ಮುಂಗಡಕ್ಕೆ ಕಟ್ಟಲಿ.