ಜೇಡನುಸಿಗೆ ಕ್ರೈಸೋಪರ್ಲಾ ಬಿಡಬೇಕೋ, ನುಸಿ ತಿನ್ನುವ ನುಸಿಯನ್ನೋ?

ಫೆಬ್ರವರಿಯಿಂದ ಮೇ ತನಕ ಮಲೆನಾಡಿನ ಬದನೆ, ಹುರುಳಿಕಾಯಿ, ಬೆಂಡೆಗೆ ಹತ್ತಿ ಎಲೆಯ ರಸ ಹೀರುವ ಜೇಡನುಸಿಗೆ ನಾನು ಹೇಳುವುದು ಒಂದೇ: ಲಾಂಗಿಸ್ಪೈನೋಸಸ್ ಎಂಬ ಪರಭಕ್ಷಕ ನುಸಿ, ಅಂದರೆ ನುಸಿ ತಿನ್ನುವ ನುಸಿ. ನಮ್ಮ ದೇಶದ್ದೇ ಜಾತಿ, ಬಿಸಿಲಿಗೆ ಹೊಂದಿಕೊಂಡದ್ದು. ಮರಿ, ದೊಡ್ಡದು ಎರಡೂ ಜೇಡನುಸಿಯನ್ನು ತಿನ್ನುತ್ತವೆ.

ಕ್ರೈಸೋಪರ್ಲಾ ಅಂದರೆ ಮರಿಹುಳುವಾಗಿದ್ದಾಗ ಬೇರೆ ಕೀಟ ತಿನ್ನುವ ಹಸಿರು ರೆಕ್ಕೆಹುಳು. ಅದನ್ನು ಬಿಟ್ಟು ನೋಡಿದ್ದಕ್ಕೆ ದುಡ್ಡು ದಂಡ. ಅದರ ಮೊಟ್ಟೆ ಅಂಟಿಸಿದ ಕಾರ್ಡ್ ಗಿಡಕ್ಕೆ ಕಟ್ಟಿದರೆ ಮೊದಲು ಮುತ್ತುವುದು ಇರುವೆ. ಉಳಿದ ಮರಿಹುಳುಗಳು ಹಸಿದರೆ ಒಂದನ್ನೊಂದು ತಿನ್ನುತ್ತವೆ. ರೆಕ್ಕೆ ಬಂದ ಮೇಲಂತೂ ಪರಾಗ, ಮಕರಂದ ಹುಡುಕಿಕೊಂಡು ಹಾರಿಹೋಗುತ್ತವೆ. ಸಸ್ಯಹೇನಿನ ಕಾಟವಿದ್ದರೆ ತರಿಸಿ, ಬರೀ ನುಸಿಗೆ ಬೇಡ.

ಬ್ಲಾಪ್ಟೊಸ್ಟೆಥಸ್ ತಿಗಣೆಯೂ ನುಸಿ ತಿನ್ನುತ್ತದೆ. ಆದರೆ ಸಾಕಲು ಅಕ್ಕಿ ಪತಂಗದ ಮೊಟ್ಟೆ ಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ.

ಲಾಂಗಿಸ್ಪೈನೋಸಸ್ ಸಾಕಲು ಕುಂಡದಲ್ಲಿ ಹುರುಳಿಕಾಯಿ ಗಿಡ ಸಾಕು. ಎರಡೆಲೆ ಬಿಚ್ಚಿದ ಮೇಲೆ ಜೇಡನುಸಿ ಹತ್ತಿದ ಎಲೆ ಇಡಿ, ವಾರ ಕಳೆದು ಪರಭಕ್ಷಕ ಬಿಡಿ. ತಲೆನೋವು ಶುರುವಾಗುವುದು ಇಲ್ಲಿಂದ. ಮೇವಿಗೆಂದು ಬೇರೆಯಾಗಿ ಬೆಳೆಸಿಟ್ಟ ಜೇಡನುಸಿ ಕುಂಡಗಳಿಗೆ ಪರಭಕ್ಷಕ ನುಗ್ಗಿಬಿಡುತ್ತದೆ. ಗಾಳಿಯಲ್ಲಿ ತೇಲಿಬರುತ್ತದೆ, ಅಂಗಿ ತೋಳಿಗೆ ಅಂಟಿಕೊಂಡೂ ಬರುತ್ತದೆ. ಒಂದೆರಡು ಸೇರಿದರೂ ಮೇವೆಲ್ಲ ಖಾಲಿ. ಆಮೇಲೆ ಎರಡೂ ಕಡೆ ಉಪವಾಸ.

ಅದಕ್ಕೇ ಮೇವಿನ ಕುಂಡಗಳನ್ನು ಮನೆಯ ಇನ್ನೊಂದು ಮಗ್ಗುಲಿಗೆ, ಗಾಳಿ ಬರುವ ದಿಕ್ಕಿಗೆ ಇಡಬೇಕು. ಪ್ರತಿ ಕುಂಡದ ಕೆಳಗೆ ತಟ್ಟೆಯಲ್ಲಿ ಸೋಪು ನೀರು ಇರಲಿ. ಬೆಳಿಗ್ಗೆ ಮೊದಲು ಮೇವಿನ ಕುಂಡದ ಕೆಲಸ, ಕೊನೆಗೆ ಪರಭಕ್ಷಕದ್ದು. ಈ ಸರದಿ ತಪ್ಪಲೇಬಾರದು. ಹತ್ತು ಪಟ್ಟಿನ ಲೆನ್ಸ್ ಹಿಡಿದು ಎಲೆ ಮಗುಚಿ ನೋಡಿ. ಮೈಮೇಲೆ ಎರಡು ಕಪ್ಪು ಚುಕ್ಕೆ ಇದ್ದು ನಿಧಾನ ನಡೆಯುವುದು ಜೇಡನುಸಿ, ಅದರ ಮೊಟ್ಟೆ ಗಾಜಿನ ಮಣಿಯಂತೆ ದುಂಡಗೆ. ಚುಕ್ಕೆಯಿಲ್ಲದೆ ಹೊಳೆಯುತ್ತಾ ಸರಸರ ಓಡುವುದು ಪರಭಕ್ಷಕ, ಅದರ ಮೊಟ್ಟೆ ತುಸು ದೊಡ್ಡದು, ಉದ್ದುದ್ದ.

ಹೊಲಕ್ಕೆ ಬಿಡುವಾಗ ಹತ್ತು ಜೇಡನುಸಿಗೆ ಒಂದು ಪರಭಕ್ಷಕದ ಲೆಕ್ಕ. ಸಂಜೆ ಹೊತ್ತು ಎಲೆ ಸಮೇತ ಕತ್ತರಿಸಿ ಗಿಡದ ಟೊಂಗೆ ಮೇಲಿಡಿ. ಬಲೆ ಕಟ್ಟಿ ಹಳದಿಯಾದ ಎಲೆಗಳನ್ನು ಮೊದಲೇ ಕಿತ್ತು ಹೂಳಬೇಕು. ಅಷ್ಟು ಹೆಚ್ಚಿದ ನುಸಿಯನ್ನು ಇದು ತಿಂದು ಮುಗಿಸಲಾರದು. ಗಾಳಿ ತೀರಾ ಒಣಗಿದರೆ ಪರಭಕ್ಷಕದ ಮೊಟ್ಟೆ ಬಾಡುತ್ತದೆ. ಶಿಕಾರಿಪುರದ ಕಡೆಯ ಒಣ ಬಿಸಿಲಿನಲ್ಲಿ ಸಾಲಿನ ನಡುವೆ ನೀರು ಹಾಯಿಸಿ ತಂಪು ಉಳಿಸಿಕೊಳ್ಳಿ.

ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಹೊಡೆದ ಗಿಡಕ್ಕೆ ಬಿಡಲೇಬೇಡಿ. ಅದರ ಅಂಶ ವಾರಗಟ್ಟಲೆ ಎಲೆಯಲ್ಲಿದ್ದು ಪರಭಕ್ಷಕವನ್ನು ಕೊಲ್ಲುತ್ತದೆ, ಜೇಡನುಸಿ ಮಾತ್ರ ಇನ್ನೂ ಹೆಚ್ಚುತ್ತದೆ. ಗಂಧಕವೂ ಬೇಡ.

ಕ್ರೈಸೋಪರ್ಲಾಗೆ ಪ್ರತಿ ಸಲ ದುಡ್ಡು ಕೊಡಬೇಕು, ಇದಕ್ಕೆ ಹುರುಳಿಕಾಯಿ ಬೀಜದ ಖರ್ಚು ಅಷ್ಟೇ. ದಿನಾ ಬೆಳಿಗ್ಗೆ ಕುಂಡ ನೋಡಲು ಪುರುಸೊತ್ತಿಲ್ಲದವರು ಮಾತ್ರ ಸಾಕಲು ಹೋಗಬೇಡಿ.